ಕುಡಿತ ಬಿಟ್ಟ ಮೇಲೆ ಬರುವ ಸಿಟ್ಟು: ಮೀಟಿಂಗಾ, ಕೌನ್ಸೆಲರಾ, ಯೋಗವಾ, ಮಾತ್ರೆಯಾ?

ಎರಡು ತಿಂಗಳಲ್ಲಿ ಮೂರು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದ್ರು: ಕುಡಿತ ಬಿಟ್ಟ ಮೇಲೆ ಬರುವ ಈ ಸಿಟ್ಟಿಗೆ ಏನು ಮಾಡುದು? ಒಬ್ಬರು ಅಂಧೇರಿಯಲ್ಲಿ ಹೋಟೆಲ್ ಕೌಂಟರ್ ನೋಡ್ಕೊಳ್ಳುವವರು, ಬಿಟ್ಟು 60 ದಿನ ಆಗಿದೆ, ಮೊನ್ನೆ ಪ್ಲೇಟ್ ಬೀಳಿಸಿದ ಹುಡುಗನ ಮೇಲೆ ಕೈ ಎತ್ತಿಬಿಟ್ಟೆ ಅಂತ ಗಾಬರಿಯಾಗಿದ್ರು. ಇನ್ನೊಬ್ಬ ಪುಣೆ ಹಿಂಜೆವಾಡಿಯ ಐಟಿ ಹುಡುಗ, ಧಾರವಾಡ ಕಡೆಯವನು, ಜಿಮ್‌ಗೆ ಸೇರ್ಲಾ ಅಥವಾ ವಿಪಶ್ಶನ ಧ್ಯಾನ ಶಿಬಿರಕ್ಕೆ ಹೋಗ್ಲಾ ಅಂತ ಅವನ ಪ್ರಶ್ನೆ. ಮೂರನೆಯವರು ಕಲ್ಯಾಣದ ಒಬ್ಬರು ಅಕ್ಕ, ಗಂಡ ಕುಡಿತ ಬಿಟ್ಟು ನಾಲ್ಕು ತಿಂಗಳು, ಅವರು ಹೇಳಿದ್ದು ಕೇಳಿ ನನಗೆ ಮಾತೇ ಹೊರಡ್ಲಿಲ್ಲ: "ಕುಡಿಯುವಾಗಲೇ ವಾಸಿ ಇತ್ತು ಅಣ್ಣ, ಒಂಬತ್ತಕ್ಕೆ ಬಿದ್ದು ಮಲಗ್ತಿದ್ರು, ಈಗ ಹನ್ನೆರಡು ಗಂಟೆವರೆಗೆ ಎಚ್ಚರ ಇದ್ದು ಎಲ್ಲರ ಮೇಲೆ ಹರಿಹಾಯ್ತಾರೆ."

ನಾನು ಡಾಕ್ಟರ್ ಅಲ್ಲ. ಕುಂದಾಪುರ ಕಡೆಯಿಂದ ಬಂದು 22 ವರ್ಷ ಮುಂಬೈಯಲ್ಲಿ ಹೋಟೆಲ್ ಕೆಲಸ, ಮನೆ ಡೊಂಬಿವಲಿ, ಕುಡಿತ ಬಿಟ್ಟು ನಾಲ್ಕು ವರ್ಷ ದಾಟಿತು, ಕೆಳಗೆ ಬರೆದ ಹೆಚ್ಚಿನ ದಾರಿಗಳಲ್ಲಿ ನಾನೇ ಒಂದಷ್ಟು ದೂರ ಹೋಗಿ ಬಂದಿದ್ದೇನೆ, ಕೆಲವು ನನ್ನ ಜೊತೆಯವರು ಹೋಗಿ ಬಂದದ್ದು. ಹಾಗಾಗಿ ಇದು ಅನುಭವಸ್ಥನ ಹೋಲಿಕೆ ಅಷ್ಟೇ, ಪ್ರಿಸ್ಕ್ರಿಪ್ಷನ್ ಅಲ್ಲ.

ಮೊದಲೇ ಒಂದು ಮಾತು. ಮನೆಯಲ್ಲಿ ಈಗಾಗಲೇ ಹೊಡೆತ ಬಡಿತ ನಡೀತಾ ಉಂಟು ಅಂತಾದ್ರೆ, ಅಥವಾ ಸಾಯುವ ಮಾತು ಬರ್ತಾ ಉಂಟು ಅಂತಾದ್ರೆ, ಯಾವುದು ಒಳ್ಳೆದು ಅಂತ ಹೋಲಿಸ್ತಾ ಕೂರುವ ಸಮಯ ಅದಲ್ಲ. 112ಕ್ಕೆ ಫೋನ್ ಮಾಡಿ, ಹೆಂಗಸರಿಗೆ 181 ಉಂಟು, ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416. ಮತ್ತೆ ದಿನಾ ಜೋರು ಕುಡೀತಿದ್ದವರು ಒಮ್ಮೆಲೇ ನಿಲ್ಲಿಸಿದ್ರೆ ಮೊದಲ ವಾರ ಕೈ ನಡುಗುದು, ಬೆವರುದು, ಫಿಟ್ಸ್ ಬರುದು, ಇಲ್ಲದ್ದು ಕಾಣುದು, ಇದೆಲ್ಲ ಆಗಬಹುದು, ಹೆಚ್ಚಾಗಿ ಎರಡನೇ ಮೂರನೇ ದಿನ, ಅದರಲ್ಲಿ ಜೀವ ಹೋದವರೂ ಇದ್ದಾರೆ. ಆ ವಾರದ ರೇಗಾಟ ಸಿಟ್ಟಲ್ಲ, ಕಾಯಿಲೆ. ಸೀದಾ ಆಸ್ಪತ್ರೆ.

ಆ ವಾರ ದಾಟಿದವರಿಗೆ ಮುಂದಿನದ್ದು.

ಬಿಟ್ಟ ಮೇಲೆ ಇಷ್ಟು ಸಿಟ್ಟು ಯಾಕೆ

ಇದು ಗೊತ್ತಾಗದೆ ದಾರಿ ಆರಿಸಿದ್ರೆ ದುಡ್ಡು ದಂಡ. ಡಾಕ್ಟರ್ ನನಗೆ ವಿವರಿಸಿದ್ದನ್ನ ನಾನು ನಮ್ಮ ಕಿಚನ್ ಭಾಷೆಯಲ್ಲಿ ಹೇಳ್ತೇನೆ. ಪಾತ್ರೆಗೆ ದಿನಾ ಯಾರೋ ತಣ್ಣೀರು ಹೊಯ್ತಾ ಇದ್ರೆ ಭಟ್ರು ಏನು ಮಾಡ್ತಾರೆ, ಉರಿ ಜಾಸ್ತಿ ಮಾಡ್ತಾರೆ. ನಾವು ಕುಡಿಯುವ ಎಣ್ಣೆ ಅಂದ್ರೆ ಆ ತಣ್ಣೀರು, ಅದು ಮೆದುಳನ್ನ ತಣಿಸ್ತದೆ, ಮೆದುಳು ಸರಿದೂಗಿಸ್ಲಿಕ್ಕೆ ತನ್ನ ಉರಿ ಏರಿಸಿ ಇಟ್ಕೊಳ್ತದೆ. ನೀವು ಒಂದು ದಿನ ತಣ್ಣೀರು ನಿಲ್ಲಿಸಿದ್ರಿ, ಉರಿ ಮಾತ್ರ ಫುಲ್ಲೇ ಉಂಟು. ಅದು ಇಳೀಲಿಕ್ಕೆ ವಾರ ಅಲ್ಲ, ತಿಂಗಳುಗಟ್ಟಲೆ ಬೇಕು. ನಿದ್ದೆ ಬರುದಿಲ್ಲ, ಸಣ್ಣ ಶಬ್ದಕ್ಕೂ ಕಿರಿಕಿರಿ, ಯಾರಾದ್ರೂ ಎರಡು ಸಲ ಒಂದೇ ಪ್ರಶ್ನೆ ಕೇಳಿದ್ರೆ ಪಿತ್ತ ನೆತ್ತಿಗೆ. ಇದು ಶರೀರದ ಪಾಲು.

ಇನ್ನೊಂದು ಪಾಲು ಮನಸ್ಸಿನದ್ದು. ಹತ್ತು ಹದಿನೈದು ವರ್ಷ ಸಿಟ್ಟು ಬಂದಾಗೆಲ್ಲ ಒಂದು ಕ್ವಾರ್ಟರ್ ಹಾಕಿ ಮಲಗಿದವನಿಗೆ ಸಿಟ್ಟನ್ನ ಎಚ್ಚರದಲ್ಲಿ ಏನು ಮಾಡ್ಬೇಕು ಅಂತಲೇ ಗೊತ್ತಿರುದಿಲ್ಲ, 40 ವರ್ಷದ ಗಂಡಸಿಗೆ ಆ ವಿಷಯದಲ್ಲಿ ಮಾತ್ರ ಹದಿನೆಂಟು ವಯಸ್ಸು.

ನನ್ನದೇ ಹೇಳ್ತೇನೆ. ಬಿಟ್ಟು 47ನೇ ದಿನ. ಕುರ್ಲಾ ಹತ್ರ ಸಿಗ್ನಲ್ ಹಾಳಾಗಿ ಲೋಕಲ್ ಮುಕ್ಕಾಲು ಗಂಟೆ ನಿಂತಿತು, ಮನೆ ತಲುಪುವಾಗ ಹತ್ತೂವರೆ. ಹೆಂಡತಿ ಬಾಗಿಲು ತೆಗೆದಳು, ಒಂದು ಹೆಜ್ಜೆ ಮುಂದೆ ಬಂದು ನನ್ನ ಮುಖದ ಹತ್ರ ಮೂಗು ತಂದು ವಾಸನೆ ನೋಡಿದಳು. ಒಂದು ಮಾತೂ ಆಡ್ಲಿಲ್ಲ. ನನ್ನ ಕೈಲಿದ್ದ ಸ್ಟೀಲ್ ಟಿಫಿನ್ ಹೋಗಿ ಫ್ರಿಜ್‌ಗೆ ಬಡಿದದ್ದು ನನಗೆ ಶಬ್ದ ಆದ ಮೇಲೇ ಗೊತ್ತಾದದ್ದು. ಕೆಳಗಿನ ಬಾಗಿಲಲ್ಲಿ, ಹಿಡಿಯಿಂದ ನಾಲ್ಕು ಬೆರಳು ಕೆಳಗೆ, ಆ ಗುಳಿ ಈಗಲೂ ಉಂಟು, ಮಗಳು ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದ್ದಾಳೆ. ಕುಡಿದಿದ್ದಾಗ ನಾನು ಒಂದು ಲೋಟ ಒಡೆದವನಲ್ಲ, ಕುಡಿಯದೇ ಇದ್ದ ದಿನ ಹೀಗಾಯ್ತು. ಆ ರಾತ್ರಿ ವೈನ್ ಶಾಪ್ ಮುಚ್ಚಿತ್ತು ಅಂತ ನಾನು ಉಳಿದೆ, ನನ್ನ ಗಟ್ಟಿತನದಿಂದ ಅಲ್ಲ.

ಇದನ್ನ ಯಾಕೆ ಇಷ್ಟು ಗಂಭೀರವಾಗಿ ತಗೊಳ್ಬೇಕು ಅಂದ್ರೆ, ಅಮೆರಿಕದ ಅಲನ್ ಮಾರ್ಲಟ್ ಅನ್ನುವ ಮನಶ್ಶಾಸ್ತ್ರಜ್ಞರು ಬಿಟ್ಟು ಮತ್ತೆ ಶುರು ಮಾಡಿದವರನ್ನ ಕೇಳಿ ಕಾರಣ ಪಟ್ಟಿ ಮಾಡಿದಾಗ ಎಲ್ಲಕ್ಕಿಂತ ದೊಡ್ಡ ಕಾರಣ ಸಿಟ್ಟು, ಬೇಸರ, ಹತಾಶೆ ಇಂಥ ಕೆಟ್ಟ ಮನಸ್ಥಿತಿ ಅಂತ ಬಂತು, ನೂರಕ್ಕೆ ಸುಮಾರು 35, ಅದರ ಮೇಲೆ ಜಗಳಗಳದ್ದೇ ಬೇರೆ 16. ಫ್ರೆಂಡ್ಸ್ ಒತ್ತಾಯ ಮಾಡಿದ್ರು ಅನ್ನುದು ಸುಮಾರು 20 ಅಷ್ಟೇ. ನಾವು ಮಾತ್ರ ಫ್ರೆಂಡ್ಸನ್ನೇ ದೂರ್ತೇವೆ.

ಯಾವುದರಿಂದ ಅಳೆಯುದು

ನಾನು ಯಾರಿಗೇ ಹೇಳುವಾಗಲೂ ಐದು ಪ್ರಶ್ನೆ ಕೇಳ್ತೇನೆ. ನಿಮ್ಮ ಸಿಟ್ಟು ಎಷ್ಟು ಹೊತ್ತಿಗೆ, ಎಲ್ಲಿ ಬರ್ತದೆ, ಕೆಲಸದಲ್ಲಾ ಮನೆಯಲ್ಲಾ? ತಿಂಗಳಿಗೆ ಎಷ್ಟು ಖರ್ಚು ಮಾಡ್ಲಿಕ್ಕೆ ಆಗ್ತದೆ? ವಾರದಲ್ಲಿ ನಿಜವಾಗಿ ಎಷ್ಟು ಗಂಟೆ ಸಿಗ್ತದೆ, ಟ್ರೈನ್ ಸೇರಿಸಿ? ನಾಲ್ಕು ಜನಕ್ಕೆ ಗೊತ್ತಾದ್ರೆ ಅಡ್ಡಿ ಇಲ್ಲವಾ? ಐದನೆಯದ್ದನ್ನ ಯಾರೂ ಯೋಚನೆ ಮಾಡಿರುದಿಲ್ಲ: ನಿಮಗೆ ಯಾವ ಭಾಷೆಯಲ್ಲಿ ಸಿಟ್ಟು ಬರ್ತದೆ?

ಕೊನೆಯದ್ದನ್ನ ತಮಾಷೆ ಅಂದ್ಕೊಳ್ಬೇಡಿ. ನನಗೆ ಹಿಂದಿ ನೀರು ಕುಡಿದ ಹಾಗೆ, ಮರಾಠಿ ಪರವಾಗಿಲ್ಲ, ಆದ್ರೆ ಮೊದಲ ಕೌನ್ಸೆಲರ್ ಹತ್ರ ಹಿಂದಿಯಲ್ಲಿ ಹೇಳುವಾಗ ನಾನು ಬೇರೆ ಯಾರದ್ದೋ ಕಥೆ ಹೇಳ್ತಾ ಇದ್ದ ಹಾಗಾಗ್ತಿತ್ತು. "ಗುಸ್ಸಾ ಆತಾ ಹೈ" ಅಂದ್ರೆ ಮುಗೀತು. ನಮ್ಮಲ್ಲಿ ಸಿಟ್ಟು ಬೇರೆ, ರೇಗುದು ಬೇರೆ, ಮುನಿಸು ಬೇರೆ, ಹೊಟ್ಟೆ ಉರಿಯುದು ಬೇರೆ, ಅಪ್ಪನ ಮೇಲಿದ್ದದ್ದು ಮುನಿಸು, ಭಾವನ ಮೇಲಿದ್ದದ್ದು ಹೊಟ್ಟೆ ಉರಿ, ಹೆಂಡತಿ ಮೇಲೆ ಹರಿಬಿಟ್ಟದ್ದು ಅದೆರಡೂ ಸೇರಿದ್ದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಿಂದಿಯಲ್ಲಿ ಕೂತು ಮಾತಾಡುವಾಗ ನನಗೆ ಅತ್ತೆ ಯಾರು ಅಂತಲೇ ಕಾಣ್ಲಿಲ್ಲ.

ಈಗ ಒಂದೊಂದಾಗಿ.

ಎಎ ಮೀಟಿಂಗ್

ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದ್ರೆ ಕುಡಿತ ಬಿಟ್ಟವರು, ಬಿಡ್ಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಕೂಟ, 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ್ದು, ಒಬ್ಬರು ಶೇರು ವ್ಯಾಪಾರದವರು, ಒಬ್ಬರು ಸರ್ಜನ್. ಮುಂಬೈ, ಪುಣೆ, ಗೋವಾ ಮೂರೂ ಕಡೆ ಮೀಟಿಂಗ್ ಉಂಟು, ಚರ್ಚ್ ಹಾಲ್, ಮುನ್ಸಿಪಲ್ ಶಾಲೆ, ಹೀಗೆ ಸಂಜೆ ಹೊತ್ತು ಖಾಲಿ ಇರುವ ಜಾಗಗಳಲ್ಲಿ. ಫೀಸ್ ಇಲ್ಲ, ಚೀಲ ಬರ್ತದೆ, ಹತ್ತೋ ಇಪ್ಪತ್ತೋ ಹಾಕಿ, ಹಾಕದಿದ್ರೂ ಯಾರೂ ನೋಡುದಿಲ್ಲ. ಹೆಸರು ಪೂರ್ತಿ ಹೇಳ್ಬೇಕಂತಿಲ್ಲ.

ಸಿಟ್ಟಿನ ಮಟ್ಟಿಗೆ ಇದರ ಬಲ ಎಲ್ಲಿ ಅಂದ್ರೆ ಎರಡು ಕಡೆ. ಒಂದು, ಎಎ ಹೇಳುವ ಹನ್ನೆರಡು ಸ್ಟೆಪ್‌ಗಳಲ್ಲಿ ನಾಲ್ಕನೆಯದ್ದು, ಯಾರ ಮೇಲೆ ಏನು ಹಗೆ ಇಟ್ಕೊಂಡಿದ್ದೀರಿ, ಯಾಕೆ, ಅದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಕೂತು ಬರೀಬೇಕು. ನಾನು ಹೋಟೆಲಿನ ಹಳೇ ಆರ್ಡರ್ ಪುಸ್ತಕದ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆದೆ, 31 ಹೆಸರು ಬಂತು, ಅದರಲ್ಲಿ ಏಳು ಜನ ಸತ್ತಿದ್ದರು. ಇನ್ನೊಂದು ಸ್ಪಾನ್ಸರ್, ಅಂದ್ರೆ ನಿಮಗಿಂತ ಮೊದಲು ಬಿಟ್ಟವರು, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುವ ಮನುಷ್ಯ. ಇಷ್ಟು ಹೊತ್ತಿಗೆ ಯಾವ ಸಾವಿರ ರೂಪಾಯಿಯ ಕೌನ್ಸೆಲರೂ ಸಿಗುದಿಲ್ಲ. ಟಿಫಿನ್ ಎಸೆದ ರಾತ್ರಿ ನಾನು ಫೋನ್ ಮಾಡಿದ್ದು ಅವರಿಗೇ, ಅವರು ನನ್ನ ಪರ ವಹಿಸ್ಲಿಲ್ಲ, "ಹದಿಮೂರು ವರ್ಷ ಅವಳು ಸರಿಯಾಗಿ ವಾಸನೆ ಹಿಡಿದಳು ಮಾರಾಯಾ, 47 ದಿನಕ್ಕೆ ಮೂಗು ಬದಲಾಯಿಸ್ಲಿಕ್ಕೆ ಆಗ್ತದಾ" ಅಂದ್ರು. ನಗು ಬಂತು. ಆ ನಗುವೇ ಆವತ್ತು ಔಷಧಿ.

ಕೊರತೆ ಇಲ್ಲದ್ದಲ್ಲ. ಮೀಟಿಂಗಲ್ಲಿ ಹೆಚ್ಚಾಗಿ ಹಿಂದಿ, ಮರಾಠಿ, ಇಂಗ್ಲಿಷ್, ಗೋವಾದಲ್ಲಿ ಕೊಂಕಣಿ, ಕನ್ನಡದವರು ಸ್ಪಾನ್ಸರ್ ಆಗಿ ಸಿಕ್ಕಿದ್ರೆ ಅದೃಷ್ಟ, ನನಗೆ ಮೂರನೇ ಗ್ರೂಪಲ್ಲಿ ಸಿಕ್ಕಿದ್ರು. ದೇವರು, ದೊಡ್ಡ ಶಕ್ತಿ ಅನ್ನುವ ಮಾತು ಕೆಲವರಿಗೆ ಗಂಟಲಲ್ಲಿ ಇಳಿಯುದಿಲ್ಲ. ಸ್ಪಾನ್ಸರ್ ತರಬೇತಿ ಆದವರಲ್ಲ, ಒಳ್ಳೆಯವರು ಸಿಗಬಹುದು, ತಾನೇ ಸಿಟ್ಟಿನ ಮುದ್ದೆಯಾದವರೂ ಸಿಗಬಹುದು, ಎರಡನೆಯವರಾದ್ರೆ ಮರ್ಯಾದೆಯಿಂದ ಬದಲಾಯಿಸಿ. ಸಣ್ಣಂದಿನಲ್ಲಿ ಆದ ಏಟು, ದೌರ್ಜನ್ಯ ಇಂಥ ಆಳದ ಗಾಯ ಇದ್ರೆ ಬರೀ ಮೀಟಿಂಗ್ ಸಾಕಾಗುದಿಲ್ಲ.

ಕೌನ್ಸೆಲರ್

ಪ್ರೈವೇಟಲ್ಲಿ ನಾನು ಕೇಳಿದ ಕಡೆಗಳಲ್ಲಿ ಒಂದು ಸೆಷನ್‌ಗೆ 1,000ದಿಂದ 2,500 ರೂಪಾಯಿವರೆಗೆ ಹೇಳಿದ್ರು. ವಾರಕ್ಕೊಂದು ಅಂದ್ರೆ ತಿಂಗಳಿಗೆ ಕಡಿಮೆ ಅಂದ್ರೂ 4,000. ಎಣ್ಣೆಗೆ ತಿಂಗಳಿಗೆ ಎಷ್ಟು ಹೋಗ್ತಿತ್ತು ಅಂತ ಲೆಕ್ಕ ಹಾಕಿದ್ರೆ ಬಾಯಿ ಮುಚ್ಕೊಂಡು ಕೊಡ್ತೇವೆ, ಅದು ಬೇರೆ.

ಇಲ್ಲಿ ಒಳ್ಳೆದೇನಂದ್ರೆ ಸಿಟ್ಟನ್ನೇ ಗುರಿ ಇಟ್ಟ ಪದ್ಧತಿ ಉಂಟು. ಕುಡಿತ, ಡ್ರಗ್ಸ್ ಬಿಟ್ಟವರಿಗಾಗಿಯೇ ಅಮೆರಿಕದ ಸರಕಾರಿ ಇಲಾಖೆಯೊಂದು 12 ವಾರದ ಕ್ರಮ ಮಾಡಿಟ್ಟಿದೆ, ವಾರಕ್ಕೊಂದು 90 ನಿಮಿಷದ ಗುಂಪು ಸೆಷನ್. ನನ್ನ ಎರಡನೇ ಕೌನ್ಸೆಲರ್ ಅದರಿಂದ ಒಂದಷ್ಟನ್ನ ನನಗೆ ಒಬ್ಬನಿಗೇ ಮಾಡಿಸಿದ್ರು. ಸಿಟ್ಟಿಗೆ ಒಂದರಿಂದ ಹತ್ತು ಅಂತ ಮೀಟರ್. ಹತ್ತು ಅಂದ್ರೆ ಕೈ ಮೀರಿತು, ಟಿಫಿನ್ ಹಾರಿತು. ನಾಲ್ಕು ಐದರಲ್ಲಿ ಇರುವಾಗಲೇ ಹಿಡಿಯುದು ಕಲಿಸ್ತಾರೆ, ಯಾಕಂದ್ರೆ ಎಂಟಕ್ಕೆ ಬಂದ ಮೇಲೆ ಯಾವ ಉಪದೇಶವೂ ತಲೆಗೆ ಹೋಗುದಿಲ್ಲ. ಹಿಡಿಯುದು ಶರೀರದಿಂದ. ನನಗೆ ಎಡಗಿವಿ ಬಿಸಿ ಆಗ್ತದೆ, ಆಮೇಲೆ ಮಾತಿನ ಸ್ಪೀಡ್ ಜಾಸ್ತಿ ಆಗ್ತದೆ. ಆರು ವಾರ ಬೇಕಾಯ್ತು ಆ ಕಿವಿಯನ್ನ ಗಮನಿಸ್ಲಿಕ್ಕೆ, 40 ವರ್ಷ ಇದ್ದ ಕಿವಿ! ಈಗ ಕಿವಿ ಬಿಸಿಯಾದ್ರೆ ಕ್ಯಾಶ್ ಡ್ರಾಯರ್‌ಗೆ ಬೀಗ ಹಾಕಿ ಹಿಂದಿನ ಗಲ್ಲಿಗೆ ಹೋಗ್ತೇನೆ, ಹತ್ತು ನಿಮಿಷ. ಹೋಗುವಾಗ "ಬರ್ತೇನೆ" ಅಂತ ಹೇಳಿ ಹೋಗ್ಬೇಕು, ಇದು ಮುಖ್ಯ, ಮನೆಯಲ್ಲಾದ್ರಂತೂ ಇನ್ನೂ ಮುಖ್ಯ, ಹೇಳದೆ ಎದ್ದು ಹೋದ್ರೆ ಹೆಂಡತಿಗೆ ಎಣ್ಣೆ ಹಾಕ್ಲಿಕ್ಕೆ ಹೋದ ಅಂತಲೇ ಅನಿಸುದು.

ಹೋಟೆಲಿನವರಿಗೆ ಮಧ್ಯಾಹ್ನ ಮೂರೂವರೆಯಿಂದ ಐದೂವರೆ ಬಿಡುವು, ಆ ಹೊತ್ತಿಗೆ ಕೌನ್ಸೆಲರ್‌ಗಳೂ ಖಾಲಿ ಇರ್ತಾರೆ, ಕೆಲವರು ರೇಟೂ ಕಡಿಮೆ ಮಾಡ್ತಾರೆ, ಕೇಳಿ ನೋಡಿ. ಭಾಷೆ ತೊಂದರೆಗೆ ಆನ್‌ಲೈನ್ ಒಳ್ಳೆದು, ಬೆಂಗಳೂರೋ ಮಂಗಳೂರೋ ಇದ್ದವರ ಹತ್ರ ಕನ್ನಡದಲ್ಲೇ ಮಾತಾಡಬಹುದು. ಆದ್ರೆ ಒಂದು ರೂಮ್ ಕಿಚನ್ ಮನೆಯಲ್ಲಿ ಹೆಂಡತಿ ಬಗ್ಗೆ ಹೆಂಡತಿ ಎದುರಲ್ಲೇ ವಿಡಿಯೋ ಕಾಲಲ್ಲಿ ಹೇಳುದು ಹೇಗೆ, ನಾನು ಸೊಸೈಟಿಯ ಟೆರೇಸಿಗೆ ಹೋಗ್ತಿದ್ದೆ, ಮಳೆಗಾಲದಲ್ಲಿ ಲಿಫ್ಟ್ ಮಷಿನ್ ರೂಮಿನ ಮೆಟ್ಟಿಲಲ್ಲಿ.

ದೊಡ್ಡ ಡಿಗ್ರಿಯವರೇ ಬೇಕು ಅಂತ ಇಲ್ಲ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಅತಿಯಾಗಿ ಕುಡಿಯುವ ಗಂಡಸರಿಗೆ ಕೆಲವೇ ಸೆಷನ್ ಕೌನ್ಸೆಲಿಂಗ್ ಮಾಡಿಸಿ ನೋಡಿದ್ರು, ಫಲ ಬಂತು, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂದಿದೆ. ಮಾತು ಕೇಳುವ ತಾಳ್ಮೆ, ಗೊತ್ತಾದ ಕ್ರಮ, ಇವೆರಡು ಇದ್ರೆ ಆಯ್ತು.

ಸರಕಾರಿ ಓಪಿಡಿ ಮತ್ತು ಮಾತ್ರೆ

ದುಡ್ಡಿಲ್ಲ ಅನ್ನುವವರು ಇದನ್ನ ಬಿಡ್ಬೇಡಿ. ಪರೇಲ್‌ನ ಕೆಇಎಂ, ಸಾಯನ್, ನಾಯರ್, ಪುಣೆಯ ಸಸೂನ್, ಗೋವಾದ ಬಾಂಬೋಳಿಯ ಮನೋವೈದ್ಯ ಸಂಸ್ಥೆ, ಎಲ್ಲದರಲ್ಲೂ ಸೈಕಿಯಾಟ್ರಿ ಓಪಿಡಿ ಉಂಟು, ಖರ್ಚು ಚಹಾ ತಿಂಡಿಯಷ್ಟು. ಡೊಂಬಿವಲಿ ಕಲ್ಯಾಣದವರಿಗೆ ಠಾಣೆಯ ಮೆಂಟಲ್ ಹಾಸ್ಪಿಟಲ್ ಹತ್ರ, ಹೆಸರು ಕೇಳಿ ಹೆದರ್ಬೇಡಿ. ಸಂಬಳ 21,000ದ ಒಳಗಿದ್ದು ಇಎಸ್ಐ ಕಟ್ಟುವವರಿಗೆ ಅದರ ಆಸ್ಪತ್ರೆ. ಬೆಲೆ ಕಟ್ಟುದು ಸಮಯದಲ್ಲಿ: ಬೆಳಿಗ್ಗೆ ಎಂಟಕ್ಕೆ ಲೈನ್, ಡಾಕ್ಟರ್ ಎದುರು ಕೂರುದು ಹತ್ತು ನಿಮಿಷ, ಮುಂದಿನ ಸಲ ಹೋದಾಗ ಬೇರೆ ಡಾಕ್ಟರ್, ಕಥೆ ಮೊದಲಿನಿಂದ.

ಆದ್ರೂ ಒಮ್ಮೆಯಾದ್ರೂ ಹೋಗಿ ಬನ್ನಿ ಅಂತಲೇ ನಾನು ಎಲ್ಲರಿಗೂ ಹೇಳುದು, ಬೇರೆ ಯಾವ ದಾರಿ ಆರಿಸಿದ್ರೂ. ಯಾಕಂದ್ರೆ ಸಿಟ್ಟಿನ ಹಿಂದೆ ಡಿಪ್ರೆಷನ್ ಅಡಗಿರ್ತದೆ, ಗಂಡಸರಲ್ಲಿ ಬೇಸರ ಹೆಚ್ಚಾಗಿ ಸಿಟ್ಟಿನ ವೇಷ ಹಾಕ್ಕೊಂಡೇ ಬರುದು. ಥೈರಾಯ್ಡ್, ಶುಗರ್ ಏರುಪೇರು, ನಿದ್ದೆಯಲ್ಲಿ ಉಸಿರು ಕಟ್ಟುದು, ಇವಕ್ಕೂ ರೇಗಾಟ ಬರ್ತದೆ, ಅದನ್ನ ಯೋಗದಿಂದ ಸರಿ ಮಾಡ್ತೇನೆ ಅಂತ ಕೂತ್ರೆ ಆಗುದಲ್ಲ ಹೋಗುದಲ್ಲ.

ಮಾತ್ರೆ ಬಗ್ಗೆ ಎರಡೇ ಎಚ್ಚರ. ಗುರ್ತದ ಕೆಮಿಸ್ಟ್ ಹತ್ರ ನಿದ್ದೆ ಮಾತ್ರೆ, ಟೆನ್ಷನ್ ಮಾತ್ರೆ ಕೇಳಿ ತಗೊಳ್ಬೇಡಿ, ಆಲ್ಪ್ರಜೋಲಾಮ್ ಥರದ್ದು ಬಾಟಲಿ ಬಿಡಿಸಿ ಸ್ಟ್ರಿಪ್‌ಗೆ ಕಟ್ಟಿಹಾಕ್ತದೆ. ಮತ್ತೆ ಹೆಂಗಸರಿಗೊಂದು ಮಾತು, ಕುಡಿತ ಬಿಡಿಸುವ ಪುಡಿ ಮಾತ್ರೆ ಅಂತ ಸಾರಿನಲ್ಲಿ ಚಟ್ನಿಯಲ್ಲಿ ಗೊತ್ತಾಗದ ಹಾಗೆ ಹಾಕುದುಂಟಲ್ಲ, ಡೈಸಲ್ಫಿರಾಮ್ ಆದ್ರೆ ಮೇಲಿಂದ ಎಣ್ಣೆ ಬಿದ್ದಾಗ ಬಿಪಿ ಇಳಿದು ಜೀವಕ್ಕೇ ಬರಬಹುದು. ಜೀವ ಉಳಿದ್ರೂ ನಂಬಿಕೆ ಉಳಿಯುದಿಲ್ಲ, ನನ್ನ ಗ್ರೂಪಿನ ಒಬ್ಬರು ಆ ವಿಷಯ ಗೊತ್ತಾದ ದಿನದಿಂದ ಮನೆಯಲ್ಲಿ ಊಟವನ್ನೇ ಬಿಟ್ಟಿದ್ದರು.

ಸೆಂಟರಲ್ಲಿ ಇರುದು

ಪುಣೆ ಯೆರವಡಾದಲ್ಲಿ ಮುಕ್ತಾಂಗಣ ಅನ್ನುವ ಕುಡಿತ ಬಿಡಿಸುವ ಸೆಂಟರ್ 1986ರಿಂದ ಉಂಟು, ಡಾಕ್ಟರ್ ಅನಿತಾ ಅವಚಟ್ ಮತ್ತು ಪತ್ರಕರ್ತ ಅನಿಲ್ ಅವಚಟ್ ಶುರು ಮಾಡಿದ್ದು, ಸುಮಾರು ಐದು ವಾರ ಅಲ್ಲೇ ಇರುದು. ಹೆಂಗಸರಿಗೆ ಅಲ್ಲೇ ಬೇರೆ ವಿಭಾಗ ಉಂಟು, ಇದನ್ನ ಬೇಕಂತಲೇ ಬರೀತಾ ಇದ್ದೇನೆ, ನಮ್ಮವರಲ್ಲಿ ಕುಡಿಯುವ ಹೆಂಗಸರೇ ಇಲ್ಲ ಅಂತ ನಾಟಕ ಮಾಡಿ ಮಾಡಿ ಅವರಿಗೆ ದಾರಿಯೇ ಕಾಣದ ಹಾಗೆ ಮಾಡಿದ್ದೇವೆ. ಬಾಂದ್ರಾದಲ್ಲಿ ಕೃಪಾ ಫೌಂಡೇಶನ್, 1981ರಲ್ಲಿ ಫಾದರ್ ಜೋ ಪಿರೇರಾ ಶುರು ಮಾಡಿದ್ದು, ಅಲ್ಲಿ ಹನ್ನೆರಡು ಸ್ಟೆಪ್ ಜೊತೆ ಅಯ್ಯಂಗಾರ್ ಯೋಗ.

ಬರೀ ಸಿಟ್ಟಿಗಾಗಿ ಸೆಂಟರ್‌ಗೆ ಹೋಗುದು ಸೊಳ್ಳೆಗೆ ಕೋವಿ ಹಿಡಿದ ಹಾಗೆ. ಬಿಟ್ಟು, ಹಿಡಿದು, ಬಿಟ್ಟು, ಹಿಡಿದು ಆಗ್ತಾ ಇದ್ರೆ ಮಾತ್ರ ಹೋಗಿ. ಇನ್ನೊಂದು, ಒಳಗೆ ಇದ್ದಾಗ ಸಿಟ್ಟು ಬರ್ಲಿಕ್ಕೆ ಕಾರಣವೇ ಇರುದಿಲ್ಲ, ಲೋಕಲ್ ಇಲ್ಲ, ಸಾಲಗಾರ ಇಲ್ಲ, ಅತ್ತೆ ಇಲ್ಲ. ಪರೀಕ್ಷೆ ಮನೆಗೆ ಬಂದ ಮೇಲೆ. ನಿಮ್ಮ ಒಪ್ಪಿಗೆ ಇಲ್ಲದೆ ಗಾಡಿಯಲ್ಲಿ ಎತ್ಕೊಂಡು ಹೋಗ್ತೇವೆ ಅನ್ನುವ, ಹೊಡೆದು ಸರಿ ಮಾಡ್ತೇವೆ ಅನ್ನುವ ಜಾಗಕ್ಕೆ ಯಾರನ್ನೂ ಸೇರಿಸ್ಬೇಡಿ, ಅಲ್ಲಿಂದ ವಾಪಸ್ ಬರುದು ಎರಡು ಪಟ್ಟು ಸಿಟ್ಟು.

ಜಿಮ್ಮಾ, ಓಟವಾ, ಯೋಗವಾ

ಹಿಂಜೆವಾಡಿ ಹುಡುಗನ ಪ್ರಶ್ನೆ. ಪಂಚಿಂಗ್ ಬ್ಯಾಗ್‌ಗೆ ನಾಲ್ಕು ಗುದ್ದಿದ್ರೆ ಸಿಟ್ಟು ಹೊರಗೆ ಹೋಗ್ತದೆ ಅಂತ ನಾನೂ ನಂಬಿದ್ದೆ. ಉಲ್ಟಾ ಅಂತೆ. ಅಮೆರಿಕದ ಬ್ರಾಡ್ ಬುಷ್ಮನ್ ಮತ್ತು ಅವರ ಜೊತೆಯವರು 2024ರಲ್ಲಿ 154 ಅಧ್ಯಯನ, ಒಟ್ಟು 10,000ಕ್ಕೂ ಮೇಲೆ ಜನರ ಲೆಕ್ಕ ಒಟ್ಟು ಹಾಕಿ ನೋಡಿದ್ರು: ಎದೆ ಬಡಿತ ಇಳಿಸುವ ಕೆಲಸಗಳು, ಅಂದ್ರೆ ಉಸಿರಾಟ, ಯೋಗ, ಧ್ಯಾನ, ಮೈ ಸಡಿಲ ಬಿಡುದು, ಇವು ಸಿಟ್ಟು ಇಳಿಸ್ತವೆ, ಎದೆ ಬಡಿತ ಏರಿಸುವಂಥವು ಒಟ್ಟಾರೆ ಇಳಿಸುದಿಲ್ಲ, ಜಾಗಿಂಗ್ ಅಂತೂ ಏರಿಸುವ ಕಡೆಗೇ ಇತ್ತು. ಚೆಂಡಾಟಗಳಲ್ಲಿ ಮಾತ್ರ ಇಳಿಯಿತಂತೆ, ಆಟದ ಖುಷಿ ಇರ್ತದಲ್ಲ, ಅದಕ್ಕೆ ಇರಬೇಕು.

ಅಂದ್ರೆ ಜಿಮ್ ಬೇಡ ಅಂತ ಅಲ್ಲ. ನಿದ್ದೆಗೆ, ಹಸಿವಿಗೆ, ಸಂಜೆ ಏಳರ ಖಾಲಿ ಗಂಟೆ ತುಂಬಿಸ್ಲಿಕ್ಕೆ ಜಿಮ್ ಬೇಕೇ ಬೇಕು. ಸಿಟ್ಟು ಬಂದ ಹೊತ್ತಿಗೆ, ಮ್ಯಾನೇಜರ್ ಮುಖ ನೆನಪು ಮಾಡ್ಕೊಂಡು ಬ್ಯಾಗ್ ಗುದ್ಲಿಕ್ಕೆ ಅದು ಬೇಡ. ಪುಣೆಯಲ್ಲಿದ್ದವರಿಗೆ ಯೋಗಕ್ಕೆ ಬರವಿಲ್ಲ, ಬಿ.ಕೆ.ಎಸ್. ಅಯ್ಯಂಗಾರ್ ಅಂದ್ರೆ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರೇ, 1937ರಲ್ಲಿ ಪುಣೆಗೆ ಕಲಿಸ್ಲಿಕ್ಕೆ ಬಂದವರು ಅಲ್ಲೇ ನಿಂತರು. ಕ್ಲಾಸಿಗೆ ಹೋಗ್ಲಿಕ್ಕೆ ಆಗದವರು ಟ್ರೈನಲ್ಲಿ ನಿಂತಲ್ಲೇ ಮಾಡಬಹುದು: ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ಸಲ. ಹೊರಗಿನದ್ದು ಉದ್ದ ಆಗ್ಬೇಕು, ಗುಟ್ಟು ಅದರಲ್ಲೇ. ಠಾಣೆಯಿಂದ ಡೊಂಬಿವಲಿವರೆಗೆ ನಾನು ದಿನಾ ಮಾಡ್ತೇನೆ, ಪಕ್ಕದವರಿಗೆ ಗೊತ್ತಾಗುದೂ ಇಲ್ಲ.

ವಿಪಶ್ಶನ

ಇಗತ್ಪುರಿಯ ಧಮ್ಮಗಿರಿ, ಹತ್ತು ದಿನ, ಫೀಸ್ ಇಲ್ಲ, ಮಾತಿಲ್ಲ, ಮೊಬೈಲ್ ಇಲ್ಲ, ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆ ಕೂರುದು. ಮೊದಲ ಆರು ತಿಂಗಳಲ್ಲಿ ಹೋಗ್ಬೇಡಿ ಅಂತ ನನ್ನ ಅಭಿಪ್ರಾಯ, ಕೆಲವರು ಒಪ್ಪುದಿಲ್ಲ. ಉರಿ ಇನ್ನೂ ಇಳಿಯದ ತಲೆಯ ಜೊತೆ ಹತ್ತು ದಿನ ಒಂದೇ ರೂಮಲ್ಲಿ, ಸ್ಪಾನ್ಸರ್‌ಗೆ ಫೋನ್ ಕೂಡ ಮಾಡ್ಲಿಕ್ಕಾಗದೆ? ವರ್ಷ ದಾಟಿದ ಮೇಲೆ ಹೋಗಿ, ಫಾರ್ಮಿನಲ್ಲಿ ಕುಡಿತದ ಬಗ್ಗೆ, ಮಾತ್ರೆ ಬಗ್ಗೆ ಇದ್ದದ್ದು ಇದ್ದ ಹಾಗೆ ಬರೀರಿ.

ಭಜನೆ, ಸಂಘ, ಯಕ್ಷಗಾನ

ಮುಂಬೈ ಕನ್ನಡಿಗರಿಗೆ ಇದೊಂದು ಭಾಗ್ಯ, ಯಾವ ಪುಸ್ತಕದಲ್ಲೂ ಚಿಕಿತ್ಸೆ ಅಂತ ಇರುದಿಲ್ಲ. ಶನಿವಾರ ಭಜನೆಯಲ್ಲಿ ಎರಡು ಗಂಟೆ ತಾಳ ಹಿಡಿದು ಕೂತ್ರೆ ಉಸಿರು ಉದ್ದ ಬಿಡುದು ತಾನಾಗೇ ಆಗ್ತದೆ, ಪದ ಕನ್ನಡದ್ದು, ಯಾರೂ ಏನೂ ಕೇಳುದಿಲ್ಲ, ಖರ್ಚು ಒಂದು ತೆಂಗಿನಕಾಯಿ. ಆದ್ರೆ ಗುಟ್ಟು ನಿಲ್ಲುದಿಲ್ಲ. ಡೊಂಬಿವಲಿಯಲ್ಲಿ ಸೀನಿದ್ರೆ ಮಾಟುಂಗದಲ್ಲಿ ಕೇಳ್ತದೆ. "ಬಿಟ್ಟಿದ್ದಾನಂತೆ, ನೋಡ್ವ ಎಷ್ಟು ದಿನ" ಅನ್ನುವ ಒಂದು ಮಾತು ಕಿವಿಗೆ ಬಿದ್ರೆ ಎರಡು ಗಂಟೆಯ ಭಜನೆ ಎರಡು ಸೆಕೆಂಡಲ್ಲಿ ಕರಗ್ತದೆ. ವಾರ್ಷಿಕೋತ್ಸವ ಮುಗಿದ ಮೇಲಿನ "ಕಾರ್ಯಕ್ರಮ"ಕ್ಕೆ ನಿಲ್ಲದೆ ಕೊನೇ ಫಾಸ್ಟ್ ಲೋಕಲ್ ಹಿಡಿದು ಬಂದುಬಿಡಿ.

ಫೋನ್

ಟೆಲಿ ಮಾನಸ್ 14416, ಕೇಂದ್ರ ಸರಕಾರ 2022ರ ಅಕ್ಟೋಬರಲ್ಲಿ ಶುರು ಮಾಡಿದ್ದು, ಹಗಲು ರಾತ್ರಿ ಉಂಟು, ದುಡ್ಡಿಲ್ಲ, ಕನ್ನಡ ಆರಿಸ್ಕೊಳ್ಳಬಹುದು. ನಶೆ ಬಿಡುವವರಿಗೆ 14446. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ, ಆ ರಾತ್ರಿ ದಾಟಿಸ್ಲಿಕ್ಕೆ. ಅದನ್ನೇ ನಂಬಿ ವರ್ಷ ಕಳೆಯುದಲ್ಲ.

ಹಾಗಾದ್ರೆ ಯಾರಿಗೆ ಯಾವುದು

ದುಡ್ಡು ಇಲ್ಲವೇ ಇಲ್ಲ ಅನ್ನುವವರು: ಒಮ್ಮೆ ಸರಕಾರಿ ಓಪಿಡಿ, ಆಮೇಲೆ ವಾರಕ್ಕೆ ಎರಡು ಮೂರು ಮೀಟಿಂಗ್, ಟ್ರೈನಲ್ಲಿ ಉಸಿರು. ಇದು ಬಡವರ ಪ್ಯಾಕೇಜ್ ಅಂತ ಅಲ್ಲ, ನಾನು ಮೊದಲ ಎಂಟು ತಿಂಗಳು ಕಳೆದದ್ದು ಇದರಲ್ಲೇ.

ತಿಂಗಳಿಗೆ ನಾಲ್ಕೈದು ಸಾವಿರ ಆಗ್ತದೆ ಅನ್ನುವವರು ಮೂರು ತಿಂಗಳು, 12 ಸೆಷನ್ ಅಂತ ಲೆಕ್ಕ ಹಾಕಿ ಕೌನ್ಸೆಲರ್ ಹಿಡೀರಿ, ಕನ್ನಡದವರನ್ನೇ ಹುಡುಕಿ, ಸಿಗದಿದ್ರೆ ನಿಮಗೆ ಜಗಳ ಆಡ್ಲಿಕ್ಕೆ ಬರುವ ಭಾಷೆಯವರನ್ನ. ಮೊದಲ ಸೆಷನ್‌ನಲ್ಲೇ ಕೇಳಿ, ನೀವು ಕುಡಿತ ಬಿಟ್ಟವರ ಜೊತೆ ಕೆಲಸ ಮಾಡಿದ್ದೀರಾ ಅಂತ. ಇಲ್ಲ ಅಂದ್ರೆ ಬೇರೆಯವರು.

ಅಂಧೇರಿಯವರಿಗೆ, ಸಿಟ್ಟು ಕೌಂಟರಲ್ಲಿ ಬರುದು, ಅದೂ ಸಂಜೆ ಆರೂವರೆ ಏಳರ ಹೊತ್ತಿಗೆ ಅಂತ ಅವರೇ ಹೇಳಿದ್ರು. ಮಧ್ಯಾಹ್ನ ಎಷ್ಟಕ್ಕೆ ಊಟ ಅಂತ ಕೇಳಿದೆ, ಹನ್ನೆರಡಕ್ಕಂತೆ, ಆಮೇಲೆ ರಾತ್ರಿ ಹನ್ನೊಂದೂವರೆವರೆಗೆ ಬರೀ ಕಟಿಂಗ್ ಚಹಾ. ಎಎ ಯಲ್ಲಿ ಹಾಲ್ಟ್ ಅನ್ನುವ ಮಾತುಂಟು, ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದಿದ್ರೂ ಮೊದಲು ಅದನ್ನ ನೋಡು ಅಂತ. ಇಡೀ ದಿನ ನಾಲ್ಕುನೂರು ಜನಕ್ಕೆ ಇಡ್ಲಿ ಬಡಿಸುವವನು ಹಸಿದು ಕೂತಿರ್ತಾನೆ! ಐದೂವರೆಗೆ ಎರಡು ಇಡ್ಲಿ ತಿನ್ನಿ ಶೆಟ್ರೆ, ಒಂದು ವಾರ ನೋಡಿ, ಆಮೇಲೆ ಮೀಟಿಂಗ್ ಮಾತಾಡುವ ಅಂದೆ. ಅದರ ಜೊತೆ ಆ ಹುಡುಗನ ಹತ್ರ ಕ್ಷಮೆ ಕೇಳಿ, ಎಲ್ಲರೆದುರು ಕೈ ಎತ್ತಿದ್ದಾದ್ರೆ ಎಲ್ಲರೆದುರೇ. ಪರ್ಮಿಟ್ ರೂಮ್, ಅಂದ್ರೆ ಬಾರ್, ಇರುವ ಹೋಟೆಲಿನವರಿಗೆ ಮಾತ್ರ ನನ್ನ ಸಲಹೆ ಬೇರೆ, ಸಂಬಳ ಎರಡು ಸಾವಿರ ಕಡಿಮೆಯಾದ್ರೂ ಪ್ಯೂರ್ ವೆಜ್‌ಗೆ ಹೋಗಿ.

ಹಿಂಜೆವಾಡಿ ಹುಡುಗ ಜಿಮ್ ಇಟ್ಕೊಳ್ಳಲಿ, ಇಗತ್ಪುರಿ ಮುಂದಿನ ವರ್ಷ, ಅವನಿಗೆ ಬೇಕಾದ್ದು ಆನ್‌ಲೈನ್ ಕೌನ್ಸೆಲರ್, ಧಾರವಾಡದ ಕನ್ನಡ ಅರ್ಥ ಆಗುವವರು.

ಕಲ್ಯಾಣದ ಅಕ್ಕನಿಗೆ ಹೇಳಿದ್ದು ಬೇರೆ. ಗಂಡನಿಗೆ ಯಾವುದು ಸರಿ ಅಂತ ಅಕ್ಕ ಆರಿಸ್ಲಿಕ್ಕಾಗುದಿಲ್ಲ, ಗಂಡನೇ ಆರಿಸ್ಬೇಕು. ನೀವು ನಿಮಗೆ ಅಲ್-ಅನಾನ್ ನೋಡಿ ಅಂದೆ, ಕುಡುಕರ ಮನೆಯವರ ಮೀಟಿಂಗ್, ಅದಕ್ಕೂ ಫೀಸ್ ಇಲ್ಲ. ಗಂಡ ಕುಡಿಯುವಾಗ ನುಂಗಿದ ಸಿಟ್ಟೆಲ್ಲ ಅಕ್ಕನ ಹೊಟ್ಟೆಯಲ್ಲೂ ಉಂಟಲ್ಲ, ಅದಕ್ಕೊಂದು ಜಾಗ ಬೇಕು. ಮತ್ತೆ ಕೈ ಎತ್ತಿದ್ರೆ 181, ಅದರಲ್ಲಿ ಅಣ್ಣ ತಮ್ಮ ಪಂಚಾಯ್ತಿ ಬೇಡ. ಅವರು ಕೊನೆಗೆ ಕೇಳಿದ್ದು, ಬಾಗಿಲಲ್ಲಿ ವಾಸನೆ ನೋಡುದನ್ನ ನಿಲ್ಲಿಸ್ಬೇಕಾ ಅಂತ. ನಮ್ಮ ಮನೆಯಲ್ಲಿ ಏನು ಮಾಡಿದ್ವಿ ಅಂತ ಹೇಳಿದೆ: ಲೇಟಾದ್ರೆ ನಾನೇ ಠಾಣೆಯಿಂದ ಫೋನ್ ಮಾಡ್ತೇನೆ, ಬಂದ ಕೂಡ್ಲೇ ಅವಳು ಕೇಳುವ ಮೊದಲೇ ಹತ್ರ ಹೋಗಿ ನಿಲ್ತೇನೆ. ಮೊದಲ ವರ್ಷ ದಿನಾ ನೋಡ್ತಿದ್ದಳು. ಈಗ ಹೆಚ್ಚಾಗಿ ಟಿಫಿನ್ ತಗೊಂಡು ಒಳಗೆ ಹೋಗ್ತಾಳೆ, ಕೆಲವು ದಿನ ಇನ್ನೂ ನೋಡ್ತಾಳೆ.